ಗ್ರಂಥಾಲಯಗಳ ಜಾಲಸಾಧನಗಳೂ ವಿದ್ಯಾರ್ಥಿಗಳ ಸಾಕ್ಷ್ಯವೂ: ಸರಗೂರಿನ ಸೀಮೆಯಿಂದ ಒಂದು ವಿಚಾರ

1

ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನವು ಕನ್ನಡ ಶಾಸನಸಾಹಿತ್ಯದ ಅಭ್ಯಾಸಿಗಳಿಗೆ ಸುಪರಿಚಿತವಾದುದು. ಶಕವರ್ಷ 979ರ, ಎಂದರೆ ಕ್ರಿ. ಶ. 1057ರ ಈ ಶಾಸನವು ನುಗುನಾಡಿನ ಒಡೆಯ ರವಿಗನ ಮಗಳಾದ ದೇಕಬ್ಬೆಯ ವೃತ್ತಾಂತವನ್ನು ನಿರೂಪಿಸುತ್ತದೆ. ಆಕೆಯ ಗಂಡನಾದ ನವಿಲೆನಾಡಿನ ಏಚನು ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದನೆಂಬ ಕಾರಣಕ್ಕಾಗಿ ತಲಕಾಡಿನಲ್ಲಿ ರಾಜದಂಡನೆಗೆ ಗುರಿಯಾದನು. ಸುದ್ದಿಯನ್ನು ಕೇಳಿದ ದೇಕಬ್ಬೆಯು ತಂದೆತಾಯಿಗಳು ಬೇಡವೆಂದರೂ ಕೇಳದೆ ಕಿಚ್ಚನ್ನು ಹೊಕ್ಕಳು. ಅಂದಿನ ರಾಜದಂಡನೆ, ನಾಡೊಡೆಯರ ಮನೆತನಗಳ ಸಂಬಂಧ, ವಿಧವೆಯ ಸ್ಥಿತಿ ಮುಂತಾದ ಹಲವು ವಿಷಯಗಳಿಗೆ ಈ ಒಂದು ಕಲ್ಲು ಆಧಾರವಾಗಬಲ್ಲುದು.

ತರಗತಿಯಲ್ಲಿ ನಾವು ಈ ಶಾಸನವನ್ನು ಪ್ರಸ್ತಾಪಿಸಿದಾಗ ಸರಗೂರಿನ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ನುಗುನಾಡು ಎಂದರೆ ನಮ್ಮ ನುಗು ಹೊಳೆಯ ಸೀಮೆಯೇ, ಸಾರ್? ಅದನ್ನು ನಾವು ಎಲ್ಲಿ ಓದಬಹುದು?” ಎಂದು ಕೇಳಿದನು. ಮೊದಲ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿದ್ದಿತು. ಎರಡನೆಯದು ನಮ್ಮನ್ನು ಯೋಚನೆಗೆ ಹಚ್ಚಿತು. ತನ್ನ ಊರಿನ ಪಕ್ಕದ ಹೊಳೆಯ ಹೆಸರಿರುವ ಶಾಸನವನ್ನು ಓದಲು ಆ ವಿದ್ಯಾರ್ಥಿಯು ಐವತ್ತು ಕಿಲೋಮೀಟರುಗಳಿಗೂ ಹೆಚ್ಚು ದೂರದ ಮೈಸೂರಿಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. ಇಂದು ಆ ಗ್ರಂಥವು ಅಂತರಜಾಲದ ಮೂಲಕ ಅವನ ಕೈಯಲ್ಲಿರುವ ಫೋನಿಗೇ ಬರಬಲ್ಲುದು. ಆದರೆ ಬರಬಲ್ಲುದು ಎಂಬುದಕ್ಕೂ ಬಂದಿತು ಎಂಬುದಕ್ಕೂ ನಡುವೆ ಬಹಳ ಅಂತರವಿದೆ. ಈ ಅಂತರವನ್ನು ಅಳೆಯಲು ಯಾರು ಅರ್ಹರು? ಗ್ರಂಥಾಲಯಗಳು ವೆಬ್ ಸಾಧನಗಳನ್ನು ಬಳಸುವಲ್ಲಿ ತೋರುತ್ತಿರುವ ನಾವೀನ್ಯವನ್ನು ಗುರುತಿಸಿ ಗೌರವಿಸುವ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ಸ್ಥಾನವಿರಬೇಕೆ? ಈ ಪ್ರಶ್ನೆಗಳನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ಗ್ರಂಥಾಲಯವೊಂದರ ಮಹತ್ವವು ಅದರ ಸಂಗ್ರಹದ ಗಾತ್ರದಿಂದ ಮಾತ್ರ ತಿಳಿಯುವುದಿಲ್ಲವೆಂಬುದಕ್ಕೆ ನಮ್ಮ ಮೈಸೂರೇ ನಿದರ್ಶನವಾಗಿದೆ. 1891ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಇಲ್ಲಿ ಓರಿಯೆಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಈ ಭಂಡಾರಕ್ಕೆ ಗ್ರಂಥಲಿಪಿಯ ಒಂದು ತಾಳೆಯೋಲೆಯ ಕಟ್ಟನ್ನು ಒಪ್ಪಿಸಿದರು. ಅಲ್ಲಿ ಕಾರ್ಯನಿರ್ವಹಿಸುತ್ತಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು ಗುರುತಿಸಿದರು. ಮೂಲವು 1909ರಲ್ಲಿಯೂ ಇಂಗ್ಲಿಷ್ ಭಾಷಾಂತರವು ಗ್ರಂಥರೂಪದಲ್ಲಿ 1915ರಲ್ಲಿಯೂ ಪ್ರಕಟವಾದುವು. ಭಾರತದ ಪ್ರಾಚೀನ ರಾಜ್ಯಾಡಳಿತವನ್ನು ಕುರಿತು ವಿದ್ವತ್ಪ್ರಪಂಚವು ತಳೆದಿದ್ದ ಅಭಿಪ್ರಾಯಗಳನ್ನು ಇದು ಬದಲಾಯಿಸಿತೆಂಬುದು ಸರ್ವವಿದಿತ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ಓಲೆಗಳು ಭಂಡಾರಕ್ಕೆ ಬಂದಾಗ ಅವು ಸಂಗ್ರಹದ ಲೆಕ್ಕದಲ್ಲಿ ಒಂದು ಕಟ್ಟು ಮಾತ್ರ. ಅವುಗಳನ್ನು ಬಿಚ್ಚಿ ಓದಿದವರೊಬ್ಬರು ಇದ್ದುದರಿಂದ ಅವು ಅರ್ಥಶಾಸ್ತ್ರವಾದುವು. ಎಂದರೆ, ಸಂಗ್ರಹಕ್ಕೆ ಬೆಲೆಯನ್ನು ತಂದುಕೊಡುವವನು ಓದುಗನು.

ಶಾಸನಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಮೊದಲ ಸಂಪುಟವು 1886ರಲ್ಲಿ ಹೊರಬಂದಿತು. ಮೈಸೂರು ಜಿಲ್ಲೆಯ ಶಾಸನಗಳಿಗೆ ಮೂರು ಮತ್ತು ನಾಲ್ಕನೆಯ ಸಂಪುಟಗಳು ಮೀಸಲಾದುವು. ಇವುಗಳಲ್ಲಿ 1898ರ ನಾಲ್ಕನೆಯ ಸಂಪುಟವು ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಸನಗಳನ್ನು ಒಳಗೊಂಡಿದೆ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಈ ಮೂರನ್ನೂ ಒಟ್ಟಿಗೆ ಕೊಟ್ಟ ಆ ಕ್ರಮವು ಅಂದಿನ ಮಟ್ಟಿಗೆ ಒಂದು ಹೊಸ ಸಾಧನವೇ ಆಗಿದ್ದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಮಾಲೆಯ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡು, ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಂಪುಟವನ್ನು 1974ರಲ್ಲಿ ಪ್ರಕಟಿಸಿತು. ಆದರೆ ಈ ಸಂಪುಟಗಳು ಇದ್ದುದು ದೊಡ್ಡ ಗ್ರಂಥಾಲಯಗಳಲ್ಲಿ. ಶಾಸನವಿದ್ದ ಊರಿನವರಿಗೆ ಶಾಸನವು ಕಲ್ಲಾಗಿಯೇ ಉಳಿಯಿತು.

3

ಊರೂರಿಗೂ ಗ್ರಂಥಾಲಯವು ತಲುಪಬೇಕೆಂಬ ವಿಚಾರವು ಶಾಸನದ ರೂಪವನ್ನು ತಾಳಿದುದು 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಿಂದ. ಆಗ ರಾಜ್ಯಕ್ಕೆ ಮೈಸೂರೆಂದೇ ಹೆಸರಿದ್ದಿತು. ಗ್ರಂಥಾಲಯ ವಿಜ್ಞಾನದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆಗೂ ಶಿಕ್ಷಣಕ್ಕೂ ಮೀಸಲಾದ ಕೇಂದ್ರವೊಂದನ್ನು ಆರಂಭಿಸಿದ್ದರು. ಗ್ರಂಥವು ಇರುವುದು ಬಳಕೆಗಾಗಿ, ಓದುಗನ ಕಾಲವನ್ನು ಉಳಿಸುವುದು ಗ್ರಂಥಪಾಲಕನ ಧರ್ಮ ಎಂಬ ತತ್ತ್ವಗಳನ್ನು ಅವರು 1931ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು. ಇಂದಿನ ಜಾಲಸಾಧನಗಳನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲನ್ನು ನಾವು ಕಾಣೆವು.

ಈಚಿನ ವರ್ಷಗಳಲ್ಲಿ ಎರಡು ಬದಲಾವಣೆಗಳು ಒಂದರ ಹಿಂದೊಂದು ಬಂದುವು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡಿತು. ಮರುವರ್ಷ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಲಾಯಿತು. ಈ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂದು ಕರೆಯಲ್ಪಡುತ್ತಿವೆ; ಹಲವೆಡೆ ಪುಸ್ತಕಗಳೊಡನೆ ಗಣಕಯಂತ್ರಗಳೂ ಬಂದಿವೆ. ಅತ್ತ ಗ್ರಂಥಾಲಯ ಇಲಾಖೆಯು 2020ರ ಆರಂಭದಲ್ಲಿ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ಅದಾದ ಕೆಲವೇ ವಾರಗಳಲ್ಲಿ ಮಹಾಮಾರಿಯ ನಿಮಿತ್ತ ಓದುವ ಕೊಠಡಿಗಳು ಮುಚ್ಚಿದುವು. ಹೊಸ ಸಾಧನದ ಅಗತ್ಯವು ಯಾರ ಪ್ರಚಾರವೂ ಇಲ್ಲದೆ ಮನವರಿಕೆಯಾಯಿತು.

4

ಗ್ರಂಥಾಲಯಗಳು ಜಾಲದ ಸಾಧನಗಳನ್ನು ಬಳಸಿಕೊಂಡ ಬಗೆಯಲ್ಲಿ ಎರಡು ಘಟ್ಟಗಳನ್ನು ಗುರುತಿಸಬಹುದಾಗಿದೆ. ಮೊದಲನೆಯದು ಪುಟಗಳ ಚಿತ್ರಗಳನ್ನು ತೆಗೆದು ಜಾಲದಲ್ಲಿರಿಸುವುದು. ಎರಡನೆಯದು ಓದುಗರನ್ನೇ ಕೆಲಸದಲ್ಲಿ ಜೊತೆಗೂಡಿಸಿಕೊಳ್ಳುವುದು.

ಮೊದಲ ಘಟ್ಟದ ದೊಡ್ಡ ಉದ್ಯಮವೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ನಡೆದ ಭಾರತದ ಡಿಜಿಟಲ್ ಗ್ರಂಥಾಲಯ. ಸಹಸ್ರಾರು ಕನ್ನಡ ಗ್ರಂಥಗಳು ಅದರ ಮೂಲಕ ಜಾಲಕ್ಕೆ ಬಂದುವು. ಆದರೆ ಅವುಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ದಾಖಲಾಗಿದ್ದುವು. ಕನ್ನಡದಲ್ಲಿ ಹುಡುಕಿದವನಿಗೆ ಕನ್ನಡದ ಪುಸ್ತಕವೇ ದೊರೆಯದಂತಹ ವಿಚಿತ್ರ ಸ್ಥಿತಿಯು ಉಂಟಾಯಿತು. ಈ ಕೊರತೆಯನ್ನು ಕಂಡ ‘ಸಂಚಯ’ ಬಳಗದವರು ಶೀರ್ಷಿಕೆಗಳನ್ನು ಸಾರ್ವಜನಿಕರ ಮುಂದಿರಿಸಿ, ಸ್ವಯಂಸೇವಕರ ನೆರವಿನಿಂದ ಅವುಗಳನ್ನು ಕನ್ನಡ ಲಿಪಿಗೆ ತಂದು, ‘ಪುಸ್ತಕ ಸಂಚಯ’ವೆಂಬ ಹುಡುಕು ಸೂಚಿಯನ್ನು ಸಿದ್ಧಪಡಿಸಿದರು. ಸೂಚಿಯ ದೋಷವನ್ನು ಮೊದಲು ಅರಿತವರು ಓದುಗರು, ತಿದ್ದಿದವರೂ ಓದುಗರೇ.

ಎರಡನೆಯ ಘಟ್ಟಕ್ಕೆ ನಮ್ಮ ವಿಶ್ವವಿದ್ಯಾನಿಲಯವೇ ನಾಂದಿ ಹಾಡಿತೆಂದರೆ ತಪ್ಪಾಗಲಾರದು. ಅದರ ಕನ್ನಡ ವಿಶ್ವಕೋಶದ 14 ಸಂಪುಟಗಳ ಪ್ರಕಟಣೆಯು ಕಳೆದ ಶತಮಾನದ ಅರುವತ್ತರ ದಶಕದ ಕೊನೆಯಲ್ಲಿ ಮೊದಲಾಗಿ 2004ರಲ್ಲಿ ಪೂರ್ಣಗೊಂಡಿತು. 2014ರಲ್ಲಿ ವಿಶ್ವವಿದ್ಯಾನಿಲಯವು ಅದರ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತಗೊಳಿಸಿತು. ಯಾರು ಬೇಕಾದರೂ ಮೂಲವನ್ನು ಹೆಸರಿಸಿ ಅದನ್ನು ಬಳಸಿಕೊಳ್ಳಬಹುದೆಂಬುದು ಅದರ ಅರ್ಥ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದರ ಲೇಖನಗಳನ್ನು ಬೆರಳಚ್ಚಿಸಿ ವಿಕಿಸೋರ್ಸಿಗೆ ಸೇರಿಸುವ ಕೆಲಸದಲ್ಲಿ ತೊಡಗಿದರು. ದೂರದ ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವು 2008ರಲ್ಲಿಯೇ ಇಂತಹ ಮಾರ್ಗವನ್ನು ಹಿಡಿದಿತ್ತು: ಹಳೆಯ ಪತ್ರಿಕೆಗಳ ಯಂತ್ರಪಠಿತ ಪಾಠದಲ್ಲಿನ ತಪ್ಪುಗಳನ್ನು ತಿದ್ದುವ ಅಧಿಕಾರವನ್ನು ಅದು ಸಾಮಾನ್ಯ ಓದುಗರಿಗೆ ಕೊಟ್ಟಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ ಮೂರು ಆಯಾಮದ ಪ್ರತಿರೂಪಗಳನ್ನು ತೆಗೆದಿರುವುದನ್ನೂ ಇಲ್ಲಿ ನೆನೆಯಬೇಕು. ಮಳೆಬಿಸಿಲುಗಳಿಗೆ ಸವೆದ ಅಕ್ಷರಗಳನ್ನು ಈ ವಿಧಾನದಿಂದ ಪರದೆಯ ಮೇಲೆ ತಿರುಗಿಸಿ ನೋಡಿ ಓದಬಹುದಾಗಿದೆ.

5

ಇಷ್ಟು ಪೂರ್ವಪೀಠಿಕೆಯೊಡನೆ ನಾವು ಒಂದು ಸಣ್ಣ ಅಭ್ಯಾಸವನ್ನು ಕೈಗೊಂಡೆವು. ಸರಗೂರು ಮತ್ತು ಸುತ್ತಲಿನ ಊರುಗಳಿಂದ ಬರುವ ಕೆಲವು ವಿದ್ಯಾರ್ಥಿಗಳಿಗೆ, ಬೆಳತೂರಿನ ಶಾಸನದ ಮುದ್ರಿತ ಪಾಠವನ್ನು ಮೈಸೂರಿಗೆ ಹೋಗದೆ ದೊರಕಿಸಿಕೊಂಡು ಬನ್ನಿ ಎಂದು ಹೇಳಿದೆವು. ದಾರಿಯಲ್ಲಿ ಯಾವ ಗ್ರಂಥಾಲಯದ ಯಾವ ಸಾಧನವು ನೆರವಾಯಿತು, ಯಾವುದು ಅಡ್ಡಿಯಾಯಿತು ಎಂಬುದನ್ನು ಬರೆದಿಡುವಂತೆಯೂ ತಿಳಿಸಿದೆವು. ಕೊನೆಯಲ್ಲಿ ಅತ್ಯಂತ ಮೆಚ್ಚಿಗೆಗೆ ಅರ್ಹವಾದ ಸಾಧನ ಯಾವುದೆಂಬುದನ್ನು ಅವರೇ ಚರ್ಚಿಸಿ ನಿರ್ಣಯಿಸಬೇಕಾಗಿದ್ದಿತು. ಇದನ್ನು ಸಂಶೋಧನೆಯೆಂದು ನಾವು ಹೇಳಿಕೊಳ್ಳುವುದಿಲ್ಲ. ತರಗತಿಯ ಒಂದು ಪಾಠವಷ್ಟೆ. ಆದಾಗ್ಯೂ ಅದರಿಂದ ನಾವು ಕಲಿತುದು ಸ್ವಲ್ಪವಲ್ಲ.

ಕನ್ನಡದಲ್ಲಿ ಊರಿನ ಹೆಸರನ್ನು ಕೊಟ್ಟು ಹುಡುಕಿದವರು ಬರಿಗೈಯಲ್ಲಿ ಮರಳಿದರು. ರೈಸ್ ಅವರ ಹೆಸರಿನಿಂದ ಹೊರಟವರು ಸಂಪುಟವನ್ನು ಮುಟ್ಟಿದರು. ಯಂತ್ರವು ಓದಿಕೊಟ್ಟ ಕನ್ನಡ ಪಾಠವು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿದ್ದಿತು. ಆದರೆ ಪುಟದ ಚಿತ್ರವು ಸ್ಪಷ್ಟವಾಗಿದ್ದುದರಿಂದ ಕೆಲಸ ಕೆಟ್ಟಿರಲಿಲ್ಲ. ಒಂದು ಪ್ರತಿಯಲ್ಲಿ ಬೇಕಾದ ಪುಟವೇ ಮಡಿಚಿಕೊಂಡು ಮಸುಕಾಗಿತ್ತು. ಅದನ್ನು ಕಂಡ ವಿದ್ಯಾರ್ಥಿನಿಯೊಬ್ಬಳು ಕೈಚೆಲ್ಲದೆ, ಬೇರೊಂದು ಗ್ರಂಥಾಲಯದ ಪ್ರತಿಯಿಂದ ತೆಗೆದ ಚಿತ್ರಗಳನ್ನು ಹುಡುಕಿ, ಅಲ್ಲಿ ಆ ಪುಟವನ್ನು ಪಡೆದಳು. ಒಂದೇ ಗ್ರಂಥದ ಎರಡು ಪ್ರತಿಗಳನ್ನು ಇಟ್ಟು ನೋಡುವುದು ಪಾಠಪರಿಷ್ಕರಣದ ಮೊದಲ ಮೆಟ್ಟಿಲು. ನಾವು ಅದನ್ನು ವ್ಯಾಖ್ಯಾನಿಸಿ ಹೇಳುವ ಮೊದಲೇ ಆಕೆ ಅದನ್ನು ಮಾಡಿ ಮುಗಿಸಿದ್ದಳು.

ನಿರ್ಣಯದ ದಿನ ನಮಗೆ ಆಶ್ಚರ್ಯವು ಕಾದಿದ್ದಿತು. ದೊಡ್ಡ ಜಾಲತಾಣಗಳಲ್ಲೊಂದನ್ನು ವಿದ್ಯಾರ್ಥಿಗಳು ಆರಿಸುವರೆಂದು ನಾವು ಊಹಿಸಿದ್ದೆವು. ಅವರು ಆರಿಸಿದುದು ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು. ಅಲ್ಲಿಯ ಮೇಲ್ವಿಚಾರಕಿಯು ಊರಿನ ಓದುವ ಮಕ್ಕಳ ವಾಟ್ಸಾಪ್ ಗುಂಪೊಂದನ್ನು ಕಟ್ಟಿದ್ದರು. ಯಾರಿಗೆ ಯಾವ ಪುಸ್ತಕ ಬೇಕೆಂಬುದನ್ನು ಅದರಲ್ಲಿ ಕೇಳಬಹುದು. ಇದ್ದರೆ ತೆಗೆದಿರಿಸುವರು, ಇಲ್ಲದಿದ್ದರೆ ಜಾಲದಲ್ಲಿ ಎಲ್ಲಿ ಸಿಕ್ಕೀತೆಂದು ಹುಡುಕಿ ಕೊಂಡಿಯನ್ನು ಕಳುಹಿಸುವರು. ನಮ್ಮ ವಿದ್ಯಾರ್ಥಿಯೊಬ್ಬನು ತಂದ ಶಾಸನದ ಪುಟವನ್ನು ಅವರು ಅಚ್ಚು ತೆಗೆಸಿ ಗೋಡೆಗೆ ಅಂಟಿಸಿದರು. ಸಂಜೆ ಪತ್ರಿಕೆ ಓದಲು ಬಂದ ಹಿರಿಯರು ಅದರ ಮುಂದೆ ನಿಂತು, ನುಗುನಾಡಿನ ಎಲ್ಲೆ ಎಲ್ಲಿಯವರೆಗೆ ಇದ್ದೀತೆಂದು ವಾದಿಸಿದರಂತೆ. “ಸಾರ್, ಉಳಿದವುಗಳಲ್ಲಿ ಪುಸ್ತಕ ಇತ್ತು, ಇಲ್ಲಿ ನಮ್ಮನ್ನು ಕೇಳುವವರು ಇದ್ದರು” ಎಂದು ಆ ಹುಡುಗನು ಹೇಳಿದ ಮಾತು ರಂಗನಾಥನ್ ಅವರ ತತ್ತ್ವಕ್ಕೆ ಒಳ್ಳೆಯ ಭಾಷ್ಯವೆಂದು ನಮಗೆ ತೋರಿತು.

ಇಂತಹ ಕೆಲಸವು ಯಾವ ಕಚೇರಿಯ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ಸೇರುವುದಿಲ್ಲ. ನೋಂದಾಯಿತ ಸದಸ್ಯರ ಸಂಖ್ಯೆ, ಜಾಲತಾಣವನ್ನು ತೆರೆದವರ ಸಂಖ್ಯೆ, ಕೊಂಡ ಗಣಕಯಂತ್ರಗಳ ಸಂಖ್ಯೆ ಇವೇ ಪ್ರಶಸ್ತಿಗೂ ಪ್ರಶಂಸೆಗೂ ಆಧಾರವಾಗುತ್ತವೆ. ಸಂಖ್ಯೆಗಳು ಬೇಡವೆಂದಲ್ಲ. ಆದರೆ ತಾಣವನ್ನು ತೆರೆದವನು ಬೇಕಾದುದನ್ನು ಪಡೆದನೋ, ಬೇಸತ್ತು ಮುಚ್ಚಿದನೋ ಎಂಬುದನ್ನು ಅವು ಹೇಳಲಾರವು. ಅದನ್ನು ಹೇಳಬಲ್ಲವರು ಓದುಗರು ಮಾತ್ರ.

6

ಹಾಗಾದರೆ ವಿದ್ಯಾರ್ಥಿಗಳು ಯಾವ ಆಧಾರದ ಮೇಲೆ ತೀರ್ಮಾನ ಕೊಡಬೇಕು? ನಾವು ಇತಿಹಾಸದ ಆಕರಗಳಿಗೆ ಹಾಕುವ ಪ್ರಶ್ನೆಗಳನ್ನೇ ಅಲ್ಪಸ್ವಲ್ಪ ಮಾರ್ಪಡಿಸಿ ಬಳಸಬಹುದೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು, ಪ್ರವೇಶ. ಕನ್ನಡದಲ್ಲಿ ಕೇಳಿದವನಿಗೆ ಕನ್ನಡದಲ್ಲಿ ಉತ್ತರ ದೊರೆಯುವುದೇ? ಜಾಲಸಂಪರ್ಕವು ಬಂದುಹೋಗುವ ಕಾಡಂಚಿನ ಊರಿನಲ್ಲಿ, ಅಗ್ಗದ ಫೋನಿನಲ್ಲಿ ಅದು ತೆರೆಯುವುದೇ? ಎರಡನೆಯದು, ಪ್ರಾಮಾಣ್ಯ. ಪ್ರತಿ ಎಲ್ಲಿಯದು, ಯಾವ ಆವೃತ್ತಿ, ಪುಟಗಳು ಪೂರ್ಣವಾಗಿವೆಯೇ ಎಂಬ ವಿವರ ಇದೆಯೇ? ಮೂರನೆಯದು, ಪರಿಷ್ಕಾರ. ತಪ್ಪನ್ನು ಕಂಡ ಓದುಗನು ಅದನ್ನು ತಿಳಿಸಲು ದಾರಿಯಿದೆಯೇ? ತಿಳಿಸಿದ ಮೇಲೆ ತಿದ್ದಲಾಯಿತೇ? ನಾಲ್ಕನೆಯದು, ಸ್ಥಿರತೆ. ಇಂದು ಕಂಡ ಪುಟವು ಹತ್ತು ವರ್ಷಗಳ ಬಳಿಕವೂ ಅಲ್ಲಿ ಇದ್ದೀತೇ?

ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸಬಾರದು. ನಾವು ಮೇಲೆ ಹೇಳಿದ ಭಾರತದ ಡಿಜಿಟಲ್ ಗ್ರಂಥಾಲಯದ ಮೂಲ ಜಾಲತಾಣವು ಇಂದು ಇಲ್ಲ. ಅದರ ಗ್ರಂಥಗಳು ಇಂಟರ್‌ನೆಟ್ ಆರ್ಕೈವ್ ಮುಂತಾದ ಕಡೆ ಪ್ರತಿಗೊಂಡಿದ್ದುದರಿಂದ ನಮಗೆ ಉಳಿದುವು. ತಾಳೆಯೋಲೆಗಳ ಕಾಲದಲ್ಲಿಯೂ ಗ್ರಂಥವನ್ನು ಉಳಿಸಿದುದು ಪ್ರತಿಗಳೇ. ಓಲೆ ಗೆದ್ದಲಿಗೆ ಆಹುತಿಯಾದೀತೆಂಬ ಭಯದಿಂದ ಲಿಪಿಕಾರನು ಹೊಸ ಓಲೆಯ ಮೇಲೆ ಅದನ್ನು ಬರೆದಿಡುತ್ತಿದ್ದನು. ಗೆದ್ದಲಿನ ರೂಪ ಬದಲಾಗಿದೆಯೇ ಹೊರತು ಅಪಾಯವು ತಪ್ಪಿಲ್ಲ.

ಹಕ್ಕುಸ್ವಾಮ್ಯದ ತಿಳಿವಳಿಕೆಯನ್ನೂ ಇದರೊಡನೆ ಸೇರಿಸಬೇಕು. ನಮ್ಮ ದೇಶದಲ್ಲಿ ಗ್ರಂಥಕರ್ತನು ತೀರಿಕೊಂಡ ಬಳಿಕ 60 ವರ್ಷಗಳವರೆಗೆ ಅವನ ಕೃತಿಯ ಹಕ್ಕು ಉಳಿದಿರುತ್ತದೆ. ರೈಸ್ ಅವರು 1927ರಲ್ಲಿ ನಿಧನರಾದುದರಿಂದ ಅವರ ಸಂಪುಟಗಳು ಎಲ್ಲರಿಗೂ ಮುಕ್ತವಾಗಿವೆ. ಇಂದಿನ ಲೇಖಕರ ಗ್ರಂಥಗಳು ಹಾಗಲ್ಲ. ದೊರೆತುದೆಲ್ಲವೂ ನ್ಯಾಯವಾಗಿ ದೊರೆತುದಲ್ಲವೆಂಬುದನ್ನು ವಿದ್ಯಾರ್ಥಿಗಳು ಈ ನೆಪದಲ್ಲಿ ಅರಿಯುವರು.

7

ಈ ಸಲಹೆಗೆ ಆಕ್ಷೇಪಗಳು ಇಲ್ಲದಿಲ್ಲ. ವಿದ್ಯಾರ್ಥಿಗಳಿಗೆ ಗ್ರಂಥಾಲಯ ವಿಜ್ಞಾನದ ಪರಿಚಯವಿಲ್ಲ, ಅವರ ತೀರ್ಮಾನಕ್ಕೆ ಬೆಲೆಯೇನು ಎಂದು ಕೆಲವರು ಕೇಳುವರು. ಊಟದ ರುಚಿಯನ್ನು ಹೇಳಲು ಅಡುಗೆಯ ಶಾಸ್ತ್ರವನ್ನು ಓದಿರಬೇಕಾಗಿಲ್ಲ ಎಂಬುದೇ ಇದಕ್ಕೆ ಉತ್ತರ. ಸಾಧನದ ರಚನೆಯನ್ನು ವಿಮರ್ಶಿಸುವುದು ತಜ್ಞರ ಕೆಲಸ. ಅದು ತಮಗೆ ಒದಗಿತೇ ಇಲ್ಲವೇ ಎಂಬುದಕ್ಕೆ ಸಾಕ್ಷ್ಯ ನುಡಿಯುವುದು ಓದುಗರ ಹಕ್ಕು. ಎರಡನ್ನೂ ಕೇಳಿ ತೀರ್ಪು ಕೊಡುವುದು ಯುಕ್ತ.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯೆಂಬ ಹೆಸರಿನಲ್ಲಿ ಅವರಿಂದ ಬಿಟ್ಟಿ ದುಡಿಮೆಯನ್ನು ಪಡೆಯುವ ಅಪಾಯವಿದೆ. ಅಂಕಗಳ ಭಯದಿಂದ ಪುಟಗಟ್ಟಲೆ ಬೆರಳಚ್ಚಿಸಿದವನು ಬೆರಳಚ್ಚನ್ನು ಕಲಿತಾನು. ಇತಿಹಾಸವನ್ನು ಕಲಿಯುವನೆಂಬ ಭರವಸೆಯಿಲ್ಲ. ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಆದುದರಿಂದಲೇ ಕೆಲಸದಲ್ಲಿ ಮಾತ್ರವಲ್ಲದೆ ತೀರ್ಮಾನದಲ್ಲಿಯೂ ಅವರಿಗೆ ಪಾಲು ಇರಬೇಕೆಂದು ನಮ್ಮ ವಾದ. ತಿದ್ದಲು ಕರೆದವರನ್ನು ಮೆಚ್ಚಲು ಮತ್ತು ಮೆಚ್ಚದಿರಲು ಸಹ ಕರೆಯಬೇಕು. ಮಾಡಿದ ಕೆಲಸದ ಮೇಲೆ ಅವರ ಹೆಸರೂ ಇರಬೇಕು.

8

ಕೊನೆಯದಾಗಿ ಒಂದು ಮಾತು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನ ಸುತ್ತಣ ನೆಲದ ಇತಿಹಾಸದಲ್ಲಿ ಯಾವ ಗ್ರಂಥಾಲಯವೂ ಇನ್ನೂ ಸೇರಿಸಿಕೊಳ್ಳದ ಭಾಗವು ದೊಡ್ಡದಾಗಿದೆ. ಪುನ್ನಾಟದ ರಾಜಧಾನಿಯಾಗಿದ್ದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರಿನ ಹಳೆಯ ನೆಲೆಯು, 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರಿನ ಪಾಲಾಯಿತು. ಮುಳುಗಿದ ಊರುಗಳಿಂದ ಎದ್ದು ಬಂದವರ, ಕಾಡಿನಿಂದ ಹೊರಬಂದ ಜೇನುಕುರುಬ, ಕಾಡುಕುರುಬ ಸಮುದಾಯಗಳ ಹಿರಿಯರ ನೆನಪುಗಳು ಬಾಯಿಮಾತಿನಲ್ಲಿಯೇ ಉಳಿದಿವೆ. ಆ ಹಿರಿಯರ ಸಂಖ್ಯೆಯು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ದೇಕಬ್ಬೆಗೆ ಕಲ್ಲೊಂದು ಇದ್ದಿತು. ಇವರಿಗೆ ಅದೂ ಇಲ್ಲ.

ಈ ಕಾರಣದಿಂದ ನಮ್ಮ ವಿಭಾಗದ ಮುಂದೆ ನಾವು ಒಂದು ವಿಜ್ಞಾಪನೆಯನ್ನು ಇರಿಸಬಯಸುತ್ತೇವೆ. ಪ್ರತಿವರ್ಷವೂ ವಿದ್ಯಾರ್ಥಿಗಳ ಮಂಡಲಿಯೊಂದು ಮೇಲಿನ ನಾಲ್ಕು ಪ್ರಶ್ನೆಗಳನ್ನು ಹಿಡಿದು ಜಿಲ್ಲೆಯ ಗ್ರಂಥಾಲಯಗಳ ಜಾಲಸಾಧನಗಳನ್ನು ಪರೀಕ್ಷಿಸಲಿ. ದೊಡ್ಡದು ಚಿಕ್ಕದೆನ್ನದೆ, ತಮಗೆ ನಿಜವಾಗಿ ಒದಗಿದ ಒಂದನ್ನು ಕಾರಣಸಹಿತವಾಗಿ ಹೆಸರಿಸಲಿ. ಆ ಕಾರಣಗಳು ಈ ಪತ್ರಿಕೆಯಲ್ಲಿ ಪ್ರಕಟವಾಗಲಿ. ಹಾಗೆ ಗುರುತಿಸಲ್ಪಟ್ಟ ಊರಿನ ಗ್ರಂಥಾಲಯಕ್ಕೆ ಅದೇ ವಿದ್ಯಾರ್ಥಿಗಳು, ಹೇಳುವವರ ಒಪ್ಪಿಗೆಯನ್ನು ಪಡೆದು, ಆ ಊರಿನ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ ಕೊಡಲಿ. ಸಾಧನಕ್ಕೆ ಮೆಚ್ಚಿಗೆಯೂ ಸಂಗ್ರಹಕ್ಕೆ ಕಾಣಿಕೆಯೂ ಹೀಗೆ ಒಟ್ಟಿಗೆ ಸಲ್ಲುವುವು.

ತಾಳೆಯೋಲೆಯ ಕಟ್ಟನ್ನು ಬಿಚ್ಚಿ ಓದಿದ ಒಬ್ಬರಿಂದ ಮೈಸೂರಿನ ಗ್ರಂಥಾಲಯವು ಲೋಕಪ್ರಸಿದ್ಧವಾಯಿತು. ಇಂದಿನ ಕಟ್ಟುಗಳು ಪರದೆಯ ಮೇಲಿವೆ. ಅವುಗಳನ್ನು ಬಿಚ್ಚುವ ಕೈಗಳು ಸರಗೂರಿನಲ್ಲಿಯೂ ಇವೆಯೆಂಬುದನ್ನು ನಾವು ಕಂಡಿದ್ದೇವೆ. ಅವು ಕಂಡುದನ್ನು ಕೇಳಿ ಬರೆದಿಡುವ ಹೊಣೆಯು ನಮ್ಮದು.